ನೀರಿನ ಮೇಲಣ ಕೆನೆ

ಗಿಡಗಳನ್ನು ನೆಟ್ಟು ಬೆಳೆಸಿದ ಮೀನುತೊಟ್ಟಿಯಲ್ಲಿ ಕೆಲವೊಮ್ಮೆ ನೀರಿನ ಮೇಲೆ ತೆಳ್ಳನೆಯ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಓರೆಯಾಗಿ ನೋಡಿದರೆ ಎಣ್ಣೆ ಚೆಲ್ಲಿದಂತೆ ಹೊಳೆಯುತ್ತದೆ. ಬೆರಳಿಟ್ಟರೆ ಹಾಲಿನ ಕೆನೆಯಂತೆ ಒಡೆಯುತ್ತದೆ. ಬಹುಮಂದಿ ಇದನ್ನು ಅಂದಗೆಡಿಸುವ ಕೊಳೆಯೆಂದಷ್ಟೇ ಬಗೆದು, ಟಿಶ್ಯೂ ಕಾಗದವನ್ನು ಮೇಲೆ ಹಾಸಿ, ಎತ್ತಿ ಬಿಸುಟು ನಿಶ್ಚಿಂತರಾಗುತ್ತಾರೆ. ಕೆಲವೇ ದಿನಗಳಲ್ಲಿ ಅದು ಮತ್ತೆ ಹಾಜರು. ನನ್ನ ವಾದವಿಷ್ಟೆ: ಇದು ಅಂದದ ಪ್ರಶ್ನೆಯಾಗುವ ಮೊದಲು ಉಸಿರಿನ ಪ್ರಶ್ನೆ.

ಪೊರೆಯ ಹುಟ್ಟು ನಿಗೂಢವಲ್ಲ. ಕೊಳೆತ ಎಲೆ, ಮಿಕ್ಕ ಆಹಾರ, ಮೀನಿನ ವಿಸರ್ಜನೆ ಇವುಗಳಿಂದ ಹೊರಬಿದ್ದ ಕೊಬ್ಬು, ಪ್ರೋಟೀನುಗಳು ಮೇಲ್ಮೈಯಲ್ಲಿ ಸೇರುತ್ತವೆ. ಬ್ಯಾಕ್ಟೀರಿಯಾಗಳು ಅಲ್ಲಿ ನೆಲೆಯೂರುತ್ತವೆ. ಹೊಸದಾಗಿ ನೆಟ್ಟ ಗಿಡಗಳು ಹಳೆಯ ಎಲೆಗಳನ್ನು ಕಳಚುವ ಮೊದಲ ವಾರಗಳಲ್ಲಿ ಈ ಬಾಧೆ ಹೆಚ್ಚು. ಅತ್ಯಲ್ಪ ಜಿಡ್ಡು ಕೂಡ ನೀರಿನ ಮೇಲ್ಮೈಯ ಸ್ವಭಾವವನ್ನು ಬದಲಿಸಬಲ್ಲದು. ಇದನ್ನು ಜರ್ಮನಿಯ ಆಗ್ನೆಸ್ ಪಾಕೆಲ್ಸ್ ಎಂಬ ಮಹಿಳೆ ಮನೆಯ ಅಡುಗೆಕೋಣೆಯಲ್ಲೇ ಪ್ರಯೋಗ ನಡೆಸಿ ಅಳೆದರು. ಅವರ ಬರಹವನ್ನು 'ನೇಚರ್' ಪತ್ರಿಕೆ 1891ರಲ್ಲಿ ಪ್ರಕಟಿಸಿತು.

ಹಗಲು ಬೆಳಕಿನಲ್ಲಿ ಗಿಡಗಳು ಆಮ್ಲಜನಕ ಕೊಡುತ್ತವೆ. ದೀಪ ಆರಿದ ಮೇಲೆ ಅವೂ ಮೀನಿನಂತೆ ಅದನ್ನು ಬಳಸತೊಡಗುತ್ತವೆ. ಆಗ ಗಾಳಿಯಿಂದ ಆಮ್ಲಜನಕ ನೀರಿಗಿಳಿಯಬೇಕಾದ ಬಾಗಿಲು ಮೇಲ್ಮೈಯೊಂದೇ. ಅಲ್ಲಿ ಪೊರೆ ಕಟ್ಟಿ ನೀರೂ ನಿಶ್ಚಲವಾಗಿದ್ದರೆ, ನಸುಕಿನ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತವೆ.

ಹಾಗಾದರೆ ಮೇಲ್ಮೈಯನ್ನು ಕದಡಬೇಕು. ಫಿಲ್ಟರಿನಿಂದ ನೀರು ಹೊರಬರುವ ಕೊಳವೆಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದರೆ ಸಾಕು, ಕಿರುದೆರೆಗಳೇಳುತ್ತವೆ. ಇದಕ್ಕೊಂದು ಆಕ್ಷೇಪವುಂಟು: ಗಿಡಗಳಿಗಾಗಿ ಸಿಲಿಂಡರಿನಿಂದ ಬಿಟ್ಟ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದಲ್ಲ? ಹೋಗುತ್ತದೆ, ನಿಜ. ಆದರೆ ಆ ನಷ್ಟವನ್ನು ಹಗಲಿನಲ್ಲಿ ನಾಲ್ಕು ಗುಳ್ಳೆ ಹೆಚ್ಚು ಬಿಟ್ಟು ತುಂಬಿಕೊಳ್ಳಬಹುದು; ಉಸಿರುಗಟ್ಟಿ ಸತ್ತ ಮೀನನ್ನು ಹೇಗೆ ತುಂಬಿಕೊಳ್ಳುವುದು? ರಾತ್ರಿ ಸಿಲಿಂಡರನ್ನು ನಿಲ್ಲಿಸಿ ಗಾಳಿ ಪಂಪನ್ನು ಓಡಿಸಿದರೆ ಗಿಡಕ್ಕೂ ನಷ್ಟವಿಲ್ಲ.

ಉಳಿದದ್ದು ಮಿತವ್ಯಯದ ಮಾತು. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಯುವಷ್ಟೇ ಆಹಾರ, ಹಣ್ಣಾದ ಎಲೆಗಳ ಕತ್ತರಿಕೆ, ವಾರಕ್ಕೊಮ್ಮೆ ಕಾಲುಭಾಗ ನೀರಿನ ಬದಲಾವಣೆ. ಪೊರೆಯನ್ನು ಮೆಲ್ಲುತ್ತದೆಂದು ಮೋಲಿ ಮೀನನ್ನು ತಂದು ಬಿಡುವವರಿದ್ದಾರೆ. ಮೆಲ್ಲುವುದು ಹೌದು, ಆದರೆ ಇನ್ನೊಂದು ಜೀವವೆಂದರೆ ಇನ್ನಷ್ಟು ಆಹಾರ, ಇನ್ನಷ್ಟು ವಿಸರ್ಜನೆ. ನಮ್ಮ ಸೋಮಾರಿತನಕ್ಕೆ ಮೀನನ್ನು ಜೀತಕ್ಕಿಡುವುದು ನ್ಯಾಯವಲ್ಲ.

ಚೆನ್ನೈನ ಕೊಳತ್ತೂರಿನಿಂದಲೋ ಮುಂಬೈಯ ಕ್ರಾಫರ್ಡ್ ಮಾರುಕಟ್ಟೆಯಿಂದಲೋ ಪ್ಲಾಸ್ಟಿಕ್ ಚೀಲದಲ್ಲಿ ನಾವು ಹೊತ್ತುತರುವುದು ಚಿತ್ರಪಟವನ್ನಲ್ಲ, ಜೀವಗಳನ್ನು. ಕನ್ನಡಿಯಂತೆ ನಿಶ್ಚಲವಾದ ನೀರು ನೋಡುವ ನಮಗೆ ಚೆಂದ. ಒಳಗಿರುವವರಿಗೆ ಬೇಕಾದದ್ದು ಅಲುಗಾಡುವ ನೀರು.