ಪಂಜ್‌ಶೀರ್ ಕಣಿವೆಯಲ್ಲಿ ಒಂದು ಸೈಕಲ್

ಅಫ್ಘಾನಿಸ್ತಾನ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಂದೂಕು, ಧೂಳು ಮತ್ತು ಕಣ್ಣೀರು. ಅಲ್ಲಿ ನದಿ ಇದೆ, ತೋಟ ಇದೆ, ಹಿಪ್ಪುನೇರಳೆ ಹಣ್ಣು ಉದುರಿ ನೆಲವೆಲ್ಲ ಸಿಹಿಯಾಗುವ ಊರುಗಳಿವೆ ಎಂಬುದು ನಮಗೆ ನೆನಪಾಗುವುದೇ ಇಲ್ಲ. ಕಾಬೂಲಿನ ಉತ್ತರಕ್ಕಿರುವ ಪಂಜ್‌ಶೀರ್ ಅಂತಹ ಒಂದು ಕಣಿವೆ. ಪಂಜ್ ಎಂದರೆ ಐದು, ಶೀರ್ ಎಂದರೆ ಸಿಂಹ. ಹಿಂದೂಕುಶ್ ಪರ್ವತಗಳ ಹಿಮ ಕರಗಿ ಹರಿಯುವ ಪಂಜ್‌ಶೀರ್ ನದಿ ಕಡಿದಾದ ಬಂಡೆಗಳ ನಡುವೆ ನೊರೆಯುಕ್ಕಿಸುತ್ತಾ ಕೆಳಗಿಳಿಯುತ್ತದೆ. ಅದರ ನೀರು ಕಾಬೂಲ್ ನದಿಯನ್ನು ಸೇರಿ, ಅದರೊಡನೆ ಸಿಂಧೂ ನದಿಗೆ ಬಂದು, ಕೊನೆಗೆ ಕರಾಚಿಯ ಬಳಿ ಅರಬಿ ಸಮುದ್ರಕ್ಕೆ ಬೀಳುತ್ತದೆ. ಮಂಗಳೂರು, ಭಟ್ಕಳಗಳ ದಡಕ್ಕೆ ಬಡಿಯುವುದೂ ಅದೇ ಸಮುದ್ರ!

ನಮಗೂ ಆ ಕಣಿವೆಗೂ ಇನ್ನೂ ಒಂದು ನಂಟಿದೆ. 14ನೇ ಶತಮಾನದ ಮಹಾ ಯಾತ್ರಿಕ ಇಬ್ನ್ ಬತೂತ ಭಾರತಕ್ಕೆ ಬರುವಾಗ ಹಿಂದೂಕುಶ್ ದಾಟಿ ಇದೇ ದಾರಿಯಲ್ಲಿ ಬಂದರು. ಮಂಜಿನಲ್ಲಿ ಒಂಟೆಗಳ ಕಾಲು ಹೂತುಹೋಗದಂತೆ ಅವುಗಳ ಮುಂದೆ ಕಂಬಳಿ ಹಾಸುತ್ತಾ ಹಾಸುತ್ತಾ ದಾಟಿದೆವೆಂದು ಬರೆದಿದ್ದಾರೆ. ಪಂಜ್‌ಶೀರಿನ ನೀಲಿ ನೀರನ್ನು ಕಂಡು ಬೆರಗಾಗಿದ್ದಾರೆ. ಅದೇ ಇಬ್ನ್ ಬತೂತ ಕೆಲವು ವರ್ಷಗಳ ನಂತರ ನಮ್ಮ ಹೊನ್ನಾವರಕ್ಕೂ ಬಂದರು. ಅಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಮದ್ರಸಗಳನ್ನು ನೋಡಿದುದಾಗಿಯೂ, ಅಲ್ಲಿಯ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತೆಂದೂ ದಾಖಲಿಸಿದ್ದಾರೆ. ಏಳುನೂರು ವರ್ಷಗಳ ಹಿಂದಿನ ಮಾತಿದು. ಇಂದಿನ ಅಫ್ಘಾನಿಸ್ತಾನದಲ್ಲಿ ಹುಡುಗಿಯರ ಶಾಲೆ ಆರನೇ ತರಗತಿಗೆ ನಿಂತುಹೋಗಿರುವಾಗ ಹೊನ್ನಾವರದ ಆ ಲೆಕ್ಕ ಓದಿದರೆ ಮನಸ್ಸಿಗೆ ಏನೋ ಆಗುತ್ತದೆ.

ಈ ಕಣಿವೆಯಲ್ಲಿ 2009ರಲ್ಲಿ ಒಬ್ಬ ಹೆಂಗಸು ಗುಡ್ಡಗಾಡು ಸೈಕಲ್ ಓಡಿಸಿದಳು. ಅಮೆರಿಕದ ಕೊಲರಾಡೊದ ಶಾನನ್ ಗ್ಯಾಲ್ಪಿನ್ ಎಂಬಾಕೆ. ಮರುವರ್ಷ ಮತ್ತೆ ಬಂದು ಕಣಿವೆಯ ಉದ್ದಕ್ಕೂ ಸೈಕಲ್ಲಿನಲ್ಲೇ ಸಾಗಿದಳು. ಅವಳದ್ದು ಗೇರುಗಳಿಲ್ಲದ ಸೈಕಲ್. ಏರು ಬಂದರೆ ಹಗುರ ಮಾಡಿಕೊಳ್ಳುವ ಅನುಕೂಲವಿಲ್ಲ. ತೊಡೆಯ ಬಲವೇ ಗೇರು.

ಗುಡ್ಡಗಾಡು ಸೈಕಲ್ ಎಂದರೆ ನಮ್ಮ ಓಣಿಗಳಲ್ಲಿ ಹಾಲಿನ ಕ್ಯಾನು ತೂಗಿಕೊಂಡು ಹೋಗುವ ಸೈಕಲ್ ಅಲ್ಲ. ದಪ್ಪ ಟೈರು, ಅಗಲವಾದ ಹ್ಯಾಂಡಲ್, ಗಟ್ಟಿ ಚೌಕಟ್ಟು, ಹೆಚ್ಚಿನವುಗಳಿಗೆ ಮುಂದೆ ಮೋಟಾರ್ ಸೈಕಲಿಗಿರುವಂತೆ ಶಾಕ್ ಅಬ್ಸಾರ್ಬರ್. ಈ ಆಟ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1970ರ ದಶಕದಲ್ಲಿ. ಅಲ್ಲಿಯ ಕೆಲವು ಯುವಕರು ಹಳೆಯ ಗುಜರಿ ಸೈಕಲ್‌ಗಳನ್ನು ಬೆಟ್ಟಕ್ಕೆ ಹೊತ್ತೊಯ್ದು ಕೆಳಗಿಳಿಸಿ ಪಂದ್ಯ ಕಟ್ಟುತ್ತಿದ್ದರು. ಇಳಿಜಾರಿನಲ್ಲಿ ಬ್ರೇಕ್ ಎಷ್ಟು ಕಾಯುತ್ತಿತ್ತೆಂದರೆ ಹಿಂದಿನ ಚಕ್ರದ ಗ್ರೀಸ್ ಸುಟ್ಟು ಹೊಗೆಯಾಗಿ ಹೋಗುತ್ತಿತ್ತಂತೆ. ಪ್ರತಿ ಸಲ ಹೊಸ ಗ್ರೀಸ್ ತುಂಬಬೇಕಿತ್ತು. ಅದಕ್ಕೇ ಆ ಪಂದ್ಯದ ಹೆಸರು 'ರೀಪ್ಯಾಕ್', ಅಂದರೆ ಮತ್ತೆ ತುಂಬುವುದು. ಗುಜರಿಯಿಂದ ಹುಟ್ಟಿದ ಈ ಆಟ 1996ರಲ್ಲಿ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್‌ಗೂ ಬಂತು. ಅಂದೇ ಗಂಡಸರಿಗೂ ಹೆಂಗಸರಿಗೂ ಎರಡೂ ಸ್ಪರ್ಧೆಗಳಿದ್ದವು.

ಆಡುಗಳು ತುಳಿದು ಮಾಡಿದ ಕಾಲುಹಾದಿಯಲ್ಲಿ ಸೈಕಲ್ ಇಳಿಸುವುದೆಂದರೆ ಏನು? ಸಡಿಲ ಕಲ್ಲಿನ ಮೇಲೆ ಮುಂದಿನ ಬ್ರೇಕನ್ನು ಒಮ್ಮೆಗೇ ಹಿಡಿದರೆ ಸೈಕಲ್ ನಿಲ್ಲುತ್ತದೆ, ಓಡಿಸುವವಳು ನಿಲ್ಲುವುದಿಲ್ಲ! ಆದ್ದರಿಂದ ಸೀಟಿನಲ್ಲಿ ಕೂರಬಾರದು. ಎರಡು ಪೆಡಲ್‌ಗಳನ್ನೂ ಸಮವಾಗಿಟ್ಟು, ಮೊಣಕಾಲು ಮೊಣಕೈಗಳನ್ನು ತುಸು ಬಗ್ಗಿಸಿ ನಿಂತು, ಮೈಭಾರವನ್ನು ಹಿಂದಕ್ಕೆ ತರಬೇಕು. ಬ್ರೇಕನ್ನು ಹಿಂಡಬಾರದು, ಸ್ವಲ್ಪ ಸ್ವಲ್ಪವೇ ಹಿಡಿದು ಬಿಡಬೇಕು. ಎಲ್ಲಕ್ಕಿಂತ ಮುಖ್ಯ ಕಣ್ಣು. ಎದುರಿಗಿರುವ ಕಲ್ಲನ್ನೇ ದಿಟ್ಟಿಸಿದರೆ ಚಕ್ರವೂ ಆ ಕಲ್ಲಿಗೇ ಹೋಗುತ್ತದೆ. ಹತ್ತು ಮಾರು ಮುಂದಿನ ದಾರಿಯನ್ನು ನೋಡಬೇಕು. ಈ ವಿದ್ಯೆ ಎಲ್ಲ ಗುಡ್ಡಗಳಿಗೂ ಒಂದೇ.

ಆದರೆ ಪಂಜ್‌ಶೀರಿನಲ್ಲಿ ಇನ್ನೊಂದು ಪಾಠವೂ ಬೇಕು. 1980ರಿಂದ 85ರವರೆಗೆ ಸೋವಿಯತ್ ಸೇನೆ ಈ ಕಣಿವೆಯ ಮೇಲೆ ಒಂಬತ್ತು ಬಾರಿ ದಂಡೆತ್ತಿ ಬಂದಿತ್ತು. ಅಹ್ಮದ್ ಶಾ ಮಸೂದ್‌ರ ಹೋರಾಟಗಾರರು ಅದನ್ನು ಗೆಲ್ಲಲು ಬಿಡಲಿಲ್ಲ. ಆ ಯುದ್ಧದ ತುಕ್ಕು ಹಿಡಿದ ಟ್ಯಾಂಕುಗಳು ದಶಕಗಳ ನಂತರವೂ ನದಿಯ ದಡದಲ್ಲಿ ಬಿದ್ದಿದ್ದವು. ಕಣ್ಣಿಗೆ ಕಾಣುವ ಟ್ಯಾಂಕಿಗೆ ಹೆದರಬೇಕಾಗಿಲ್ಲ. ಕಾಣದ ನೆಲಬಾಂಬಿಗೆ ಹೆದರಬೇಕು. ಅಫ್ಘಾನಿಸ್ತಾನದಲ್ಲಿ ಕೆಂಪು ಬಣ್ಣ ಬಳಿದ ಕಲ್ಲು ಕಂಡರೆ ಆಚೆಗೆ ನೆಲಬಾಂಬ್ ಇದೆ ಎಂದರ್ಥ. ಬಿಳಿ ಬಣ್ಣದ ಕಲ್ಲಿದ್ದರೆ ಆ ಜಾಗ ಶುದ್ಧವಾಗಿದೆ ಎಂದರ್ಥ. ಬೇರೆ ದೇಶಗಳಲ್ಲಿ ಹಾದಿ ತಪ್ಪಿದ ಸೈಕಲ್ ಸವಾರ ಪೊದೆಗೆ ಬಿದ್ದು ಮೊಣಕಾಲು ತರಚಿಕೊಳ್ಳುತ್ತಾನೆ. ಇಲ್ಲಿ ಹಾಗಲ್ಲ. ಆಡಿನ ಹೆಜ್ಜೆಯಿರುವಲ್ಲೇ ಚಕ್ರ ಇಡಬೇಕು, ಏಕೆಂದರೆ ಆಡು ಅಲ್ಲಿ ನಡೆದೂ ಬದುಕಿದೆ.

ಗ್ಯಾಲ್ಪಿನ್‌ಳನ್ನು ಕಂಡ ಜನ ಏನು ಮಾಡಿದರು? ಬೆರಗಾದರು, ಸುತ್ತ ನೆರೆದರು, ಮಾತನಾಡಿಸಿದರು, ಚಹಾಕ್ಕೆ ಕರೆದರು. ಅಫ್ಘಾನರ ಅತಿಥಿಸತ್ಕಾರ ಪ್ರಸಿದ್ಧವಾದುದು. ಆದರೆ ಆ ಚಹಾದ ಲೋಟದಲ್ಲಿ ಒಂದು ಪ್ರಶ್ನೆಯೂ ಇತ್ತು. ಪರದೇಶದ ಹೆಂಗಸಿಗೆ ಸಿಕ್ಕ ಈ ಸೌಜನ್ಯ ಆ ಊರಿನ ಹುಡುಗಿಗೂ ಸಿಗುತ್ತಿತ್ತೇ? ಇಲ್ಲ. ಅತಿಥಿಯ ಸೈಕಲ್ ಒಂದು ಕೌತುಕ, ಮಗಳ ಸೈಕಲ್ ಒಂದು ಅಪಮಾನ! ನಮ್ಮಲ್ಲೂ ಇದಕ್ಕೆ ಹೋಲುವ ಲೆಕ್ಕಾಚಾರಗಳು ಕಡಿಮೆಯೇನಿಲ್ಲ. ಟಿ.ವಿ.ಯಲ್ಲಿ ಓಡುವ ಹುಡುಗಿಗೆ ಚಪ್ಪಾಳೆ ತಟ್ಟುವ ಅಪ್ಪ, ತನ್ನ ಮಗಳು ಅಂಗಡಿಗೆ ಸೈಕಲ್‌ನಲ್ಲಿ ಹೋಗಿ ಬಂದರೆ ಮುಖ ಗಂಟಿಕ್ಕುತ್ತಾನೆ.

ಆದರೂ ಅಫ್ಘಾನ್ ಹುಡುಗಿಯರು ಸೈಕಲ್ ಏರಿದರು. ಕಾಬೂಲಿನಲ್ಲಿ ಮಹಿಳೆಯರ ರಾಷ್ಟ್ರೀಯ ಸೈಕಲ್ ತಂಡವೇ ಇತ್ತು. ನಗರದೊಳಗೆ ಅಭ್ಯಾಸ ಮಾಡಿದರೆ ಗಲಾಟೆಯಾಗುತ್ತದೆಂದು ಬೆಳಕು ಹರಿಯುವ ಹೊತ್ತಿಗೆ ಸೈಕಲ್‌ಗಳನ್ನು ವಾಹನದಲ್ಲಿ ಹೇರಿಕೊಂಡು ಊರಾಚೆಯ ಹೆದ್ದಾರಿಗೆ ಹೋಗುತ್ತಿದ್ದರು. ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು, ಹೆಲ್ಮೆಟ್ಟಿನ ಕೆಳಗೆ ತಲೆವಸ್ತ್ರ. ಉಡುಪಿನಲ್ಲಿ ಆಕ್ಷೇಪಿಸಲು ಏನೂ ಇರಲಿಲ್ಲ. ಆದರೂ ಬೈಗುಳ ಬಿತ್ತು, ಕಲ್ಲು ಬಿತ್ತು. ಒಂಟೆಯ ಮೇಲೆ ಮರುಭೂಮಿಗಳನ್ನು ದಾಟಿದ ಮಹಿಳೆಯರ ಚರಿತ್ರೆಯನ್ನು ಅಭಿಮಾನದಿಂದ ಹೇಳುವ ನಾವು, ಎರಡು ಚಕ್ರದ ಮೇಲೆ ಕುಳಿತವಳಿಗೆ ಧರ್ಮದ ಹೆಸರಿನಲ್ಲಿ ಕಲ್ಲೆಸೆದವರ ಬಗ್ಗೆ ಮೌನವಾಗಿರುವುದು ಸರಿಯಲ್ಲ. ಅದು ಧರ್ಮವಲ್ಲ, ಊರಿನ ರೂಢಿ. ರೂಢಿಗೆ ಧರ್ಮದ ಅಂಗಿ ತೊಡಿಸಿದರೆ ಅದನ್ನು ಪ್ರಶ್ನಿಸುವ ಧೈರ್ಯ ಯಾರಿಗೂ ಬರುವುದಿಲ್ಲ ಎಂಬುದು ತೊಡಿಸುವವರಿಗೆ ಚೆನ್ನಾಗಿ ಗೊತ್ತು.

ಇನ್ನೊಂದು ಮಾತನ್ನು ತಾಯಂದಿರೊಡನೆ ಬಿಚ್ಚಿಯೇ ಹೇಳಬೇಕು. ಸೈಕಲ್ ಓಡಿಸಿದರೆ ಹುಡುಗಿಯ ಕನ್ಯತ್ವಕ್ಕೆ ಕುಂದು ಎಂಬ ಗುಸುಗುಸು ಅಫ್ಘಾನಿಸ್ತಾನದಲ್ಲಿ ಪ್ರಬಲವಾಗಿತ್ತು. ಅದು ನಮ್ಮ ಅಡುಗೆಮನೆಗಳಲ್ಲೂ ಕೇಳಿಬರುತ್ತದೆ. ಕನ್ಯಾಪೊರೆ ಎಂಬುದು ಒಬ್ಬೊಬ್ಬರಲ್ಲಿ ಹುಟ್ಟಿನಿಂದಲೇ ಒಂದೊಂದು ರೀತಿ ಇರುತ್ತದೆ, ಅದನ್ನು ನೋಡಿ ಯಾರ ಶೀಲವನ್ನೂ ಹೇಳಲಾಗದು ಎಂಬುದು ವೈದ್ಯರ ಸ್ಪಷ್ಟ ಮಾತು. ಇಂತಹ ಪರೀಕ್ಷೆಗಳಿಗೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ, ಅವನ್ನು ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಇತರ ಅಂಗಗಳು 2018ರಲ್ಲಿ ಒಟ್ಟಾಗಿ ಕರೆಕೊಟ್ಟವು. ಅಜ್ಜಿ ಹೇಳಿದಳೆಂದು, ಅತ್ತೆ ಹೇಳಿದಳೆಂದು ಮಗಳ ಕೈಯಿಂದ ಸೈಕಲ್ ಕಸಿದು ತಮ್ಮನ ಕೈಗೆ ಕೊಡುವ ತಾಯಂದಿರು ಇದನ್ನು ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಶಾಲಾ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದಾಗ ಎಂಟನೇ ತರಗತಿಯ ಹುಡುಗಿಯರು ಸಾಲುಸಾಲಾಗಿ ಶಾಲೆಗೆ ಹೋಗುವ ದೃಶ್ಯವನ್ನು ಹಳ್ಳಿಗಳು ಕಂಡವು. ಯಾರಿಗೂ ಏನೂ ಆಗಲಿಲ್ಲ. ಬಸ್ಸಿಲ್ಲದ ಊರಿನ ಹುಡುಗಿಗೆ ಹೈಸ್ಕೂಲು ಹತ್ತಿರವಾಯಿತು, ಅಷ್ಟೆ.

ಮತ್ತೆ ಕಾಬೂಲಿಗೆ ಬರೋಣ. ಅಲ್ಲಿಯ ತಂಡದಲ್ಲಿ ಮಾಸೂಮಾ ಅಲಿ ಝಾದಾ ಎಂಬ ಹಝಾರಾ ಹುಡುಗಿಯಿದ್ದಳು. ಬಾಲ್ಯದಲ್ಲಿ ಕುಟುಂಬದೊಂದಿಗೆ ಇರಾನಿನಲ್ಲಿ ನಿರಾಶ್ರಿತಳಾಗಿದ್ದು, ಮರಳಿ ಬಂದು ಸೈಕಲ್ ಹಿಡಿದವಳು. ಬೆದರಿಕೆಗಳು ಮಿತಿಮೀರಿದಾಗ ಕುಟುಂಬ ಸಮೇತ ಫ್ರಾನ್ಸಿನ ಆಶ್ರಯ ಪಡೆಯಬೇಕಾಯಿತು. ಅಲ್ಲಿ ಲೀಲ್ ನಗರದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಲೇ ಅಭ್ಯಾಸ ಮುಂದುವರಿಸಿ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಿರಾಶ್ರಿತರ ತಂಡದಿಂದ ಸ್ಪರ್ಧಿಸಿದಳು. 25 ಮಂದಿಯಲ್ಲಿ 25ನೆಯವಳಾಗಿ ಗುರಿ ಮುಟ್ಟಿದಳು. ಕೊನೆಯ ಸ್ಥಾನ ಎಂದು ನಗುವವರು ನಗಲಿ. ಉಳಿದ 24 ಮಂದಿಯಲ್ಲಿ ಅಭ್ಯಾಸದ ಹೊತ್ತಿಗೆ ಕಲ್ಲಿನೇಟು ತಿಂದವರು ಎಷ್ಟು ಮಂದಿ ಇದ್ದಿರಬಹುದು? 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಕೆ ಅದೇ ನಿರಾಶ್ರಿತರ ತಂಡದ ಮುಖ್ಯಸ್ಥೆಯಾಗಿದ್ದಳು.

ಟೋಕಿಯೊ ಕ್ರೀಡಾಕೂಟ ಮುಗಿದು ಒಂದು ವಾರವಾಗುವಷ್ಟರಲ್ಲಿ, 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನಿನ ವಶವಾಯಿತು. ಕೊನೆಯವರೆಗೂ ಉಳಿದಿದ್ದ ಪಂಜ್‌ಶೀರ್ ಕೂಡಾ ಸೆಪ್ಟೆಂಬರ್ ಮೊದಲ ವಾರದಲ್ಲಿ ಬಿತ್ತು. ಆಗ ಕ್ರೀಡಾಪಟು ಹುಡುಗಿಯರು ಮಾಡಿದ ಮೊದಲ ಕೆಲಸ ತಮ್ಮ ಫೋಟೊಗಳನ್ನು ಅಳಿಸಿದ್ದು, ಕ್ರೀಡಾ ಉಡುಪುಗಳನ್ನು ಸುಟ್ಟದ್ದು. ಇಪ್ಪತ್ತು ವರ್ಷ ಅವರ ಚಿತ್ರ ತೆಗೆದು ಜಗತ್ತಿಗೆಲ್ಲ ತೋರಿಸಿ, 'ನೋಡಿ, ನಾವು ಬಿಡುಗಡೆ ಮಾಡಿದ ಹೆಣ್ಣು' ಎಂದು ಮೆರೆದ ಸರಕಾರಗಳು ವಿಮಾನ ಹತ್ತಿ ಹೋಗಿಯಾಗಿತ್ತು. ಆ ಚಿತ್ರಗಳೇ ಈಗ ಹುಡುಗಿಯರ ವಿರುದ್ಧ ಸಾಕ್ಷಿಯಾದವು. 2022ರ ನವೆಂಬರಿನಲ್ಲಿ ಉದ್ಯಾನವನ ಮತ್ತು ವ್ಯಾಯಾಮಶಾಲೆಗಳು, ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳು ಹೆಂಗಸರಿಗೆ ಮುಚ್ಚಿದವು. 2023ರ ಆಗಸ್ಟ್‌ನಲ್ಲಿ ಬಾಮಿಯಾನಿನ ಬಂದ್-ಎ-ಅಮೀರ್ ಸರೋವರಗಳನ್ನು ನೋಡಲು ಹೋಗುವುದನ್ನೂ ನಿಷೇಧಿಸಲಾಯಿತು. ಸೈಕಲ್ ಹಾಗಿರಲಿ, ದಡದಲ್ಲಿ ನಿಂತು ನೀಲಿ ನೀರನ್ನು ನೋಡಲೂ ಹೆಣ್ಣಿಗೆ ಅವಕಾಶವಿಲ್ಲ.

ಉತ್ತರದ ಫಾರ್ಯಾಬ್ ಪ್ರಾಂತ್ಯದ ಅಕ್ಕ ತಂಗಿ ಯುಲ್ದೂಝ್ ಮತ್ತು ಫರೀಬಾ ಹಾಶಿಮಿಯವರ ಕತೆ ಕೇಳಿ. ಊರಿನಲ್ಲಿ ಪಂದ್ಯವಿದೆಯೆಂದು ತಿಳಿದಾಗ ಮನೆಯಲ್ಲಿ ಸೈಕಲ್ ಕೂಡಾ ಇರಲಿಲ್ಲ. ಎರವಲು ಸೈಕಲ್ಲಿನಲ್ಲಿ ಕಲಿತು, ಗುರುತು ಸಿಗದಂತೆ ದೊಗಳೆ ಉಡುಪು ತೊಟ್ಟು, ಬೇರೆ ಹೆಸರು ಕೊಟ್ಟು ಸ್ಪರ್ಧೆಗಿಳಿದರು. ಗೆದ್ದರು. ಗೆದ್ದದ್ದೇ ತಪ್ಪಾಯಿತು, ಚಿತ್ರ ಪ್ರಕಟವಾಗಿ ಮನೆಯವರಿಗೆ ಗೊತ್ತಾಯಿತು! 2021ರ ನಂತರ ಇಟಲಿಯ ಮಾಜಿ ವಿಶ್ವ ಚಾಂಪಿಯನ್ ಅಲೆಸ್ಸಾಂದ್ರಾ ಕಪ್ಪೆಲ್ಲೊತ್ತೊ ಅವರ ನೆರವಿನಿಂದ ಇಬ್ಬರೂ ಇಟಲಿ ಸೇರಿದರು.

2022ರ ಅಕ್ಟೋಬರ್ 23ರಂದು ಅಫ್ಘಾನಿಸ್ತಾನದ ಮಹಿಳಾ ರಸ್ತೆ ಸೈಕಲ್ ಚಾಂಪಿಯನ್‌ಶಿಪ್ ನಡೆಯಿತು. ಎಲ್ಲಿ? ಸ್ವಿಟ್ಸರ್‌ಲೆಂಡಿನ ಏಗ್ಲ್ ಎಂಬ ಊರಿನಲ್ಲಿ. ಅದೂ ರೋನ್ ನದಿಯ ಕಣಿವೆ, ಅಲ್ಲೂ ಎರಡು ಕಡೆ ಪರ್ವತಗಳು. 57 ಕಿಲೋಮೀಟರ್ ಓಟದಲ್ಲಿ ಫರೀಬಾ ಮೊದಲು, ಯುಲ್ದೂಝ್ ಎರಡನೆಯವಳು. ತಾಯ್ನಾಡಿನ ಪ್ರಶಸ್ತಿಯನ್ನು ಪರನಾಡಿನ ಕಣಿವೆಯಲ್ಲಿ ಗೆಲ್ಲಬೇಕಾಯಿತು.

ಪ್ಯಾರಿಸ್ ಒಲಿಂಪಿಕ್ಸ್‌ಗೆ ಅಫ್ಘಾನಿಸ್ತಾನದಿಂದ ಆರು ಮಂದಿ ಆಯ್ಕೆಯಾಗಿದ್ದರು, ಮೂವರು ಗಂಡಸರು, ಮೂವರು ಹೆಂಗಸರು. ನಮ್ಮ ದೇಶದಿಂದ ಮೂವರು ಮಾತ್ರ ಹೋಗುತ್ತಿದ್ದಾರೆ ಎಂದು ತಾಲಿಬಾನಿನ ಕ್ರೀಡಾ ವಕ್ತಾರರು ಹೇಳಿದರು. 2024ರ ಆಗಸ್ಟ್ 4ರಂದು ಪ್ಯಾರಿಸ್ಸಿನಲ್ಲಿ ಮಹಿಳೆಯರ 158 ಕಿಲೋಮೀಟರ್ ರಸ್ತೆ ಸ್ಪರ್ಧೆ ಆರಂಭವಾದಾಗ, ಆ ಲೆಕ್ಕಕ್ಕೆ ಸೇರದ ಅಕ್ಕ ತಂಗಿ ಇಬ್ಬರೂ ಗೆರೆಯಲ್ಲಿ ನಿಂತಿದ್ದರು.