ಮಡಕೆಯ ಮೆರುಗು ಮತ್ತು ಮಣ್ಣಿನ ಗುಣ

ಕೈಯಿಂದ ಮಾಡಿದ ಅಲಂಕಾರದ ಮಣ್ಣಿನ ಪಾತ್ರೆಗಳಿಗೆ ನಗರಗಳಲ್ಲಿ ಮನ್ನಣೆಯುಂಟು. ಇದನ್ನು ಕಂಡು, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕುಂಬಾರರೂ ತಮ್ಮ ಮಡಕೆಗಳಿಗೆ ಗಾಜಿನಂಥ ಮೆರುಗು ಕೊಟ್ಟರೆ ಕಸುಬು ಉಳಿದೀತೆಂದು ಯಾರಿಗಾದರೂ ತೋರಬಹುದು. ಆ ಎಣಿಕೆ ಸದುದ್ದೇಶದ್ದಾದರೂ ಮಣ್ಣಿನ ಗುಣವನ್ನು ಗಮನಿಸಿದ್ದಲ್ಲವೆಂದು ನಮ್ಮ ಅಭಿಪ್ರಾಯ.

ಮೆರುಗೆಂದರೆ, ಸಿಲಿಕವು ಇತರ ಖನಿಜಗಳೊಡನೆ ಬೆಂಕಿಯಲ್ಲಿ ಕರಗಿ ಪಾತ್ರೆಯ ಮೈಗೆ ಗಾಜಾಗಿ ಅಂಟಿಕೊಳ್ಳುವುದು. ಗಟ್ಟಿಯಾದ ಪಿಂಗಾಣಿಯ ಮೆರುಗಿಗೆ ಸುಮಾರು 1,200 ಡಿಗ್ರಿ ಸೆಂಟಿಗ್ರೇಡಿಗೂ ಮೇಲ್ಪಟ್ಟ ಕಾವು ಬೇಕು. ಸೌದೆ, ಹುಲ್ಲುಗಳನ್ನು ಒಟ್ಟಿ ಸುಡುವ ಆವಿಗೆಯಲ್ಲಿ ಕಾವು ಸಾಮಾನ್ಯವಾಗಿ 1,000 ಡಿಗ್ರಿಯೊಳಗೇ ಇರುತ್ತದೆ. ವಿದ್ಯುತ್ ಕುಲುಮೆ ತಂದರೂ ತೊಡಕು ತೀರದು. ಕಬ್ಬಿಣದ ಅಂಶ ಹೆಚ್ಚಾಗಿರುವ ಜೇಡಿಮಣ್ಣು ಅಷ್ಟು ಕಾವಿನಲ್ಲಿ ಮೆತ್ತಗಾಗಿ ಕುಸಿಯುವುದುಂಟು. ಕಡಿಮೆ ಕಾವಿನಲ್ಲಿ ಕರಗಲೆಂದು ಸೀಸವನ್ನು ಬೆರೆಸಿದರೆ, ಹುಳಿ ಪದಾರ್ಥ ತಗಲಿದಾಗ ಅದು ಆಹಾರಕ್ಕೆ ಇಳಿಯಬಹುದು. ಸೀಸವು ವಿಷ, ಮಕ್ಕಳಿಗಂತೂ ಬಹಳ ಅಪಾಯಕರ. ಬಿಳಿಗಾರವನ್ನು ಬಳಸಿ ಸೀಸವಿಲ್ಲದ ಮೆರುಗು ಮಾಡಬಹುದು. ತಟ್ಟೆ ಬಟ್ಟಲುಗಳಿಗೆ ಅದು ಒಪ್ಪೀತು. ನೀರಿನ ಹೂಜಿಗೆ ಮಾತ್ರ ಯಾವ ಮೆರುಗೂ ಸಲ್ಲದು.

ಏಕೆಂದರೆ ಹೂಜಿಯ ತಂಪೆಲ್ಲ ಅದರ ಸೂಕ್ಷ್ಮರಂಧ್ರಗಳಲ್ಲಿದೆ. ಹೊರಕ್ಕೆ ಜಿನುಗಿದ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖದ ಹೆಚ್ಚು ಪಾಲು ಹೂಜಿಯಿಂದಲೂ ಒಳಗಿನ ನೀರಿನಿಂದಲೂ ಹೋಗುತ್ತದೆ. ಮೆರುಗು ರಂಧ್ರಗಳನ್ನು ಮುಚ್ಚಿದರೆ ತಂಪೂ ಇಲ್ಲವಾಗುತ್ತದೆ.

ಹಾಗಾದರೆ ಅಲಂಕಾರವೇ ಬೇಡವೆ? ಬೇಕು, ಆದರೆ ಅದಕ್ಕೆ ಬೇರೆ ದಾರಿಯುಂಟು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಲ್ಲಿ, ಬೃಹತ್ ಶಿಲಾಸಂಸ್ಕೃತಿಯ ಕಪ್ಪು-ಕೆಂಪು ಪಾತ್ರೆಗಳು ದೊರೆತವು. ಗಾಜಿನ ಲೇಪವಿಲ್ಲದೆಯೇ ಅವು ಹೊಳೆಯುತ್ತವೆ. ಸುಡುವ ಮೊದಲು ಮೈಯನ್ನು ಉಜ್ಜಿ ನುಣುಪು ಮಾಡಿದ್ದರಿಂದ ಹೊಳಪು ಬಂದಿತು. ಗಾಳಿ ತಾಗಿದ ಕಡೆ ಮಣ್ಣಿನ ಕಬ್ಬಿಣ ಆಮ್ಲಜನಕದೊಡನೆ ಕೂಡಿ ಕೆಂಪಾಯಿತು. ಗಾಳಿ ತಪ್ಪಿದ ಕಡೆ ಹೊಗೆಯ ಇಂಗಾಲ ಸೇರಿ ಕಪ್ಪಾಯಿತು. ಹೂಜಿಯ ಕೊರಳನ್ನು ಹೀಗೆ ಸಿಂಗರಿಸಿ, ಹೊಟ್ಟೆಯನ್ನು ಒರಟಾಗಿಯೇ ಬಿಟ್ಟರೆ ಅಂದವೂ ತಂಪೂ ಉಳಿಯುವುವು.

ಇದಕ್ಕೆ ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು ನೆರವಾಗಬಲ್ಲರು. ತಮ್ಮ ಊರಿನ ಮಣ್ಣಿನ ಬಿಲ್ಲೆಗಳನ್ನು ಕುಂಬಾರರ ಆವಿಗೆಯಲ್ಲಿ ಸುಡಿಸಿ, ಒಣಗಿದಾಗ ಒಮ್ಮೆ, ಒಂದು ದಿನ ನೀರಿನಲ್ಲಿ ನೆನೆಸಿ ಇನ್ನೊಮ್ಮೆ ತೂಗಲಿ. ಹೆಚ್ಚಿದ ತೂಕವೇ ಮಣ್ಣು ಹೀರಿದ ನೀರು. ಯಾವ ಕೆರೆಯ ಮಣ್ಣು ಹೂಜಿಗೆ, ಯಾವುದು ಬಟ್ಟಲಿಗೆ ಎಂಬ ವಿವೇಚನೆ ಇಲ್ಲಿಂದ ಮೊದಲಾಗಬೇಕು. ಕುಂಬಾರರು ಕೈಯಿಂದ ಅರಿತದ್ದನ್ನು ತಕ್ಕಡಿಯಲ್ಲಿ ಅಳೆದು ಬರೆದಿಡುವುದು ಕಾಲೇಜುಗಳ ಪ್ರಯೋಗಶಾಲೆಗಳಿಗೆ ತಕ್ಕ ಕೆಲಸವೆಂದು ನಾವು ಭಾವಿಸುತ್ತೇವೆ.