ಬೆಳ್ಳಿ ಟ್ರೋಫಿಯ ತೂಕ ಎಷ್ಟು?

ಮೊದಲೇ ಹೇಳಿಬಿಡ್ತೀನಿ, ಇದು ಕ್ರಿಕೆಟ್ ಟ್ರೋಫಿಯ ಬಗ್ಗೆ ಅಲ್ಲ. ನೂರು, ನೂರಿಪ್ಪತ್ತು ವರ್ಷದ ಹಿಂದೆ ಅಮೆರಿಕದ ಭ್ರಾತೃ ಸಂಘಗಳ ಕವಾಯತು ತಂಡಗಳು ಗೆದ್ದುಕೊಂಡ ಬೆಳ್ಳಿ ಟ್ರೋಫಿಗಳ ಬಗ್ಗೆ. ಅವನ್ನು ಕರಗಿಸಿ ಗಟ್ಟಿ ಮಾಡಿ ಮಾರುವುದು ತಪ್ಪು ಅನ್ನೋದು ನನ್ನ ವಾದ. "ಇದೆಂಥಾ ವಿಷಯ ಮಾರಾಯ, ನಮಗೂ ಇದಕ್ಕೂ ಏನು ಸಂಬಂಧ?" ಅಂತ ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿ, ಆಮೇಲೆ ಬೈಯಿರಿ.

ಇಲ್ಲಿನ ಸಣ್ಣ ಊರುಗಳ ಹಳೇ ಪೇಟೆಬೀದಿಯಲ್ಲಿ ತಲೆ ಎತ್ತಿಕೊಂಡು ನಡೆದವರಿಗೆ ಒಂದು ವಿಷಯ ಗೊತ್ತಿರುತ್ತೆ. ಕೆಳಗಡೆ ಪಿಜ್ಜಾ ಅಂಗಡಿಯೋ ಕ್ಷೌರದಂಗಡಿಯೋ ಇರುತ್ತೆ, ಮೇಲಿನ ಅಂತಸ್ತಿನ ಕಲ್ಲಿನಲ್ಲಿ ಒಂದಕ್ಕೊಂದು ಸಿಕ್ಕಿಸಿದ ಮೂರು ಕೊಂಡಿಗಳ ಗುರುತು ಕೆತ್ತಿರುತ್ತೆ. ಅದು ಆಡ್ ಫೆಲೋಸ್ ಸಂಘದ ಗುರುತು. ಸ್ನೇಹ, ಪ್ರೀತಿ, ಸತ್ಯ ಅಂತ ಆ ಮೂರು ಕೊಂಡಿಗಳ ಅರ್ಥ. ಅಮೆರಿಕದಲ್ಲಿ ಇದನ್ನು ಶುರು ಮಾಡಿದ್ದು 1819ರಲ್ಲಿ, ಬಾಲ್ಟಿಮೋರಿನಲ್ಲಿ, ಥಾಮಸ್ ವೈಲ್ಡಿ. ಇಂಥ ಸಂಘಗಳು ಹತ್ತಾರಲ್ಲ, ನೂರಾರು ಇದ್ದವು. ಫ್ರೀಮೇಸನ್ನರು, ನೈಟ್ಸ್ ಆಫ್ ಪಿಥಿಯಸ್, ಎಲ್ಕ್ಸ್, ಮಾಡರ್ನ್ ವುಡ್‌ಮೆನ್... ಹೆಸರು ಒಂದಕ್ಕಿಂತ ಒಂದು ವಿಚಿತ್ರ.

ಹೆಸರು ವಿಚಿತ್ರ ಆದರೂ ಕೆಲಸ ವಿಚಿತ್ರವಲ್ಲ. ಸರ್ಕಾರದ ಪಿಂಚಣಿ ಇಲ್ಲದ, ಬಡವರ ಕೈಗೆ ವಿಮೆ ಸಿಗದ ಕಾಲ ಅದು. ಗಂಡಸು ಸತ್ತರೆ ಹೆಂಡತಿ ಮಕ್ಕಳು ಬೀದಿಗೆ ಬೀಳುತ್ತಿದ್ದರು. 1868ರಲ್ಲಿ ಪೆನ್ಸಿಲ್ವೇನಿಯಾದ ಮೀಡ್‌ವಿಲ್‌ನಲ್ಲಿ ಜಾನ್ ಜೋರ್ಡನ್ ಅಪ್‌ಚರ್ಚ್ ಎಂಬ ರೈಲ್ವೆ ಕಾರ್ಖಾನೆಯ ಕೆಲಸಗಾರ ಒಂದು ಸಂಘ ಕಟ್ಟಿದ. ಒಬ್ಬ ಸದಸ್ಯ ಸತ್ತರೆ ಉಳಿದವರೆಲ್ಲ ತಲಾ ಒಂದು ಡಾಲರ್ ಹಾಕಿ ಅವನ ಮನೆಯವರಿಗೆ ಕೊಡಬೇಕು. ಇಷ್ಟೇ ಲೆಕ್ಕ. ಈ ಸರಳ ಉಪಾಯವನ್ನು ಆಮೇಲೆ ಎಷ್ಟೋ ಸಂಘಗಳು ಎತ್ತಿಕೊಂಡವು. ಮಾಡರ್ನ್ ವುಡ್‌ಮೆನ್ ಸಂಘ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ 1909ರಿಂದ 1947ರವರೆಗೆ ಕ್ಷಯರೋಗಿ ಸದಸ್ಯರಿಗಾಗಿ ಪುಕ್ಕಟೆ ಆಸ್ಪತ್ರೆಯನ್ನೇ ನಡೆಸಿತು.

ಇನ್ನು ಕವಾಯತಿಗೆ ಬರೋಣ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧ ಮುಗಿದ ಮೇಲೆ ಲಕ್ಷಾಂತರ ಗಂಡಸರು ಮನೆಗೆ ವಾಪಸ್ ಬಂದರು. ಅವರಿಗೆ ಹೆಜ್ಜೆ ಹಾಕೋದು ಗೊತ್ತಿತ್ತು, ಸಾಲು ಕಟ್ಟೋದು ಗೊತ್ತಿತ್ತು. ಹೋಗದೆ ಉಳಿದ ತಮ್ಮಂದಿರಿಗೆ ಅದರ ಮೇಲೆ ಆಸೆ ಇತ್ತು. ಸಂಘಗಳು ಇದನ್ನು ಚೆನ್ನಾಗಿ ಬಳಸಿಕೊಂಡವು. ಮೇಸನ್ನರ ನೈಟ್ಸ್ ಟೆಂಪ್ಲರ್ ಶಾಖೆಯವರು ಗರಿ ಸಿಕ್ಕಿಸಿದ ಟೋಪಿ, ಎದೆಯ ಅಡ್ಡಪಟ್ಟಿ, ಸೊಂಟದ ಕತ್ತಿ ಧರಿಸಿ ನಡೆಯುತ್ತಲೇ ಶಿಲುಬೆ, ತ್ರಿಕೋನದ ಆಕಾರ ಕಟ್ಟುತ್ತಿದ್ದರು. ಆಡ್ ಫೆಲೋಸ್ ಸಂಘ 1885ರಲ್ಲಿ ಪೇಟ್ರಿಯಾರ್ಕ್ಸ್ ಮಿಲಿಟೆಂಟ್ ಅನ್ನುವ ಸಮವಸ್ತ್ರದ ದಳವನ್ನೇ ಮಾಡಿತು. ವುಡ್‌ಮೆನ್ ಸಂಘದ 'ಫಾರೆಸ್ಟರ್' ತಂಡಗಳಂತೂ ಕತ್ತಿಯ ಬದಲು ಕೊಡಲಿ ಹಿಡಿದು ಕವಾಯತು ಮಾಡುತ್ತಿದ್ದವು! ನಗಬೇಡಿ. ಹತ್ತಾರು ಜನ ಒಟ್ಟಿಗೆ ಕೊಡಲಿ ತಿರುಗಿಸುವಾಗ ಒಬ್ಬನ ಲಯ ತಪ್ಪಿದರೆ ಪಕ್ಕದವನ ಕಿವಿಯ ಗತಿ ಏನು ಅಂತ ಯೋಚಿಸಿ.

ನೈಟ್ಸ್ ಟೆಂಪ್ಲರ್‌ಗಳಿಗೆ ಮೂರು ವರ್ಷಕ್ಕೊಮ್ಮೆ ರಾಷ್ಟ್ರೀಯ ಸಮಾವೇಶ. 1880ರಲ್ಲಿ ಶಿಕಾಗೋ, 1883ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ, 1901ರಲ್ಲಿ ಲೂಯಿವಿಲ್... ಹೀಗೆ ಊರು ಬದಲಾಗುತ್ತಿತ್ತು. ರೈಲುಗಟ್ಟಲೆ ಜನ ಬರುತ್ತಿದ್ದರು. ಇಂಥ ಸಮಾವೇಶಗಳಲ್ಲಿ ಕವಾಯತಿನ ಸ್ಪರ್ಧೆ ಇಟ್ಟರೆ ತೀರ್ಪು ಕೊಡಲು ಸೇನೆಯ ಅಧಿಕಾರಿಗಳನ್ನು ಕರೆಸುತ್ತಿದ್ದರು. ಗೆದ್ದವರಿಗೆ ಬೆಳ್ಳಿ. ಅದೂ ಎಂಥ ಬೆಳ್ಳಿ! ಮೂರು ಹಿಡಿಯ ದೊಡ್ಡ ಬಟ್ಟಲು, ಆಳೆತ್ತರದ ಹೂಜಿ, ಅದಕ್ಕೆ ಜೊತೆಯಾಗಿ ಲೋಟಗಳು, ತಟ್ಟೆ, ಮುಚ್ಚಳದ ಮೇಲೆ ಕತ್ತಿ ಹಿಡಿದು ನಿಂತ ಪುಟ್ಟ ಯೋಧ, ಸುತ್ತ ಎಲೆ ಬಳ್ಳಿ. ಇವತ್ತಿನ ಕಣ್ಣಿಗೆ "ಸ್ವಲ್ಪ ಜಾಸ್ತಿ ಆಯ್ತು" ಅನ್ನಿಸುವಷ್ಟು ಅಲಂಕಾರ. ಆದರೆ ಹಗಲು ಅಂಗಡಿಯಲ್ಲಿ ಲೆಕ್ಕ ಬರೆದು, ರಾತ್ರಿ ಸಂಘದ ಹಾಲ್‌ನಲ್ಲಿ ಹೆಜ್ಜೆ ಹಾಕಿದ ಗುಮಾಸ್ತನಿಗೆ ಅದು ಜಾಸ್ತಿ ಅನ್ನಿಸಿರಲಿಕ್ಕಿಲ್ಲ. ಅವನ ಮನೆಯಲ್ಲಿ ಬೆಳ್ಳಿ ಇರಲಿಲ್ಲ. ಅವನ ಸಂಘದ ಗಾಜಿನ ಬೀರುವಿನಲ್ಲಿ ಇತ್ತು.

ಅಷ್ಟು ಬೆಳ್ಳಿ ಎಲ್ಲಿಂದ ಬಂತು ಅಂತ ಕೇಳಿದರೆ ಎರಡು ಉತ್ತರ. ಒಂದು, 1859ರಲ್ಲಿ ನೆವಾಡಾದಲ್ಲಿ ಕಾಮ್‌ಸ್ಟಾಕ್ ಎಂಬ ದೊಡ್ಡ ಬೆಳ್ಳಿ ನಿಕ್ಷೇಪ ಸಿಕ್ಕಿತು. ಎರಡು, ಇಂಗ್ಲೆಂಡಿನ ಎಲ್ಕಿಂಗ್ಟನ್ನರು 1840ರಲ್ಲಿ ಪೇಟೆಂಟ್ ಪಡೆದ, ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ವಿಧಾನ. ಕನೆಕ್ಟಿಕಟ್ ರಾಜ್ಯದ ಮೆರಿಡೆನ್ ಎಂಬ ಊರಿನಲ್ಲಿ 1852ರಲ್ಲಿ ಮೆರಿಡೆನ್ ಬ್ರಿಟಾನಿಯಾ ಕಂಪನಿ ಶುರುವಾಯಿತು. ತವರ, ಆಂಟಿಮನಿ, ತಾಮ್ರ ಸೇರಿದ ಲೋಹದ ಮೇಲೆ ತೆಳ್ಳನೆಯ ಬೆಳ್ಳಿ. ಆ ಊರಿಗೆ 'ಬೆಳ್ಳಿ ನಗರ' ಅಂತಲೇ ಅಡ್ಡಹೆಸರು ಬಂತು. ಹಾಗಾಗಿ ಟ್ರೋಫಿಗಳಲ್ಲಿ ಎರಡು ಜಾತಿ. ಶೇಕಡಾ 92.5 ಬೆಳ್ಳಿ ಇರುವ ಸ್ಟರ್ಲಿಂಗ್, ಮತ್ತು ಲೇಪದ್ದು. ಬೀರುವಿನ ಗಾಜಿನ ಆಚೆಯಿಂದ ನೋಡಿದರೆ ಎರಡೂ ಒಂದೇ ಥರ ಹೊಳೆಯುತ್ತವೆ.

ನನ್ನ ಸಿಟ್ಟು ಶುರುವಾಗೋದು ಇಲ್ಲಿಂದ.

ಹೋದ ವರ್ಷ ನಮ್ಮ ಊರ ಹತ್ತಿರದ ಒಂದು ಹಳೇ ಸಾಮಾನಿನ ಅಂಗಡಿಗೆ ಹೋಗಿದ್ದೆ. ಮುಚ್ಚಿಹೋದ ಯಾವುದೋ ಸಂಘದ ಸಾಮಾನು ಬಂದಿತ್ತು. ಅಂಗಡಿಯ ಯಜಮಾನರು ಒಂದೊಂದನ್ನೇ ಬೋರಲು ಹಾಕಿ, ತಳದಲ್ಲಿರುವ ಮುದ್ರೆ ನೋಡಿ, ಎರಡು ಗುಂಪು ಮಾಡುತ್ತಿದ್ದರು. ಒಂದು ಶೆಲ್ಫಿಗೆ, ಇನ್ನೊಂದು ರಟ್ಟಿನ ಡಬ್ಬಕ್ಕೆ. ಒಳ್ಳೆಯದನ್ನು ಶೆಲ್ಫಿನಲ್ಲಿ ಇಡ್ತಾ ಇದಾರೆ ಅಂತ ಯಾರಿಗಾದರೂ ಅನ್ನಿಸುತ್ತೆ. "ಇಲ್ಲ, ಶೆಲ್ಫಿನಲ್ಲಿರೋದು ಲೇಪದ್ದು. ಡಬ್ಬದಲ್ಲಿರೋದು ಸ್ಟರ್ಲಿಂಗ್, ಕರಗಿಸುವವರಿಗೆ ಹೋಗುತ್ತೆ" ಅಂದರು. ಅವರ ಮೇಲೆ ನನಗೇನೂ ದೂರಿಲ್ಲ, ಅವರದು ವ್ಯಾಪಾರ. ಬಟ್ಟಲಾಗಿ ಕೊಳ್ಳುವವರು ಸಿಗುವುದು ಅಪರೂಪ, ಬೆಳ್ಳಿಯಾಗಿ ಕೊಳ್ಳುವವರು ದಿನಾ ಸಿಗುತ್ತಾರೆ.

ಲೆಕ್ಕ ಹಾಕಿ ನೋಡಿ. ಎರಡು ಕಿಲೋ ತೂಗುವ ಸ್ಟರ್ಲಿಂಗ್ ಬಟ್ಟಲಿನಲ್ಲಿ 1850 ಗ್ರಾಂ ಅಪ್ಪಟ ಬೆಳ್ಳಿ. ಟ್ರಾಯ್ ಔನ್ಸಿನ ಲೆಕ್ಕದಲ್ಲಿ ಸುಮಾರು 59 ಔನ್ಸ್. ಔನ್ಸಿಗೆ 50 ಡಾಲರ್ ಹಿಡಿದರೆ ಮೂರು ಸಾವಿರ ಡಾಲರಿಗೆ ಹತ್ತಿರ. ಈ 50 ಡಾಲರ್ ನಾನು ಸುಮ್ಮನೆ ಹೇಳಿದ್ದಲ್ಲ. 1980ರ ಜನವರಿಯಲ್ಲಿ, ಟೆಕ್ಸಾಸಿನ ಹಂಟ್ ಸಹೋದರರು ಸಿಕ್ಕಿದ ಬೆಳ್ಳಿಯನ್ನೆಲ್ಲ ಕೊಳ್ಳುತ್ತಿದ್ದಾಗ, ಬೆಲೆ ಆ ಮಟ್ಟದ ಹತ್ತಿರ ಹೋಗಿತ್ತು. ಆಗ ಜನ ಅಜ್ಜಿಯ ಕಾಲದ ಚಮಚ, ತಟ್ಟೆಗಳನ್ನೆಲ್ಲ ತಂದು ತೂಕಕ್ಕೆ ಹಾಕಿದರು. ಅದೇ ವರ್ಷ ಮಾರ್ಚ್ 27ಕ್ಕೆ ಬೆಲೆ ಕುಸಿದು ಬಿತ್ತು. ಬೆಲೆ ಇಳಿಯಿತು, ಕರಗಿದ ಸಾಮಾನು ಮಾತ್ರ ವಾಪಸ್ ಬರಲಿಲ್ಲ. 2025ರ ಅಕ್ಟೋಬರಿನಲ್ಲಿ ಬೆಳ್ಳಿ ಮತ್ತೆ ಆ 50 ಡಾಲರಿನ ಗೆರೆ ದಾಟಿತು.

ಇದರಲ್ಲಿರುವ ತಮಾಷೆ ನೋಡಿ. ಲೇಪದ ಟ್ರೋಫಿಯಲ್ಲಿ ಬೆಳ್ಳಿ ಇಲ್ಲ, ಅದಕ್ಕೇ ಅದು ಬದುಕುತ್ತೆ. ಊರವರೆಲ್ಲ ಚಂದಾ ಎತ್ತಿ ಮಾಡಿಸಿದ ಅಪ್ಪಟ ಬೆಳ್ಳಿಯದು, ಅಪ್ಪಟ ಆಗಿದ್ದಕ್ಕೇ ಸಾಯುತ್ತೆ. ಇನ್ನೈವತ್ತು ವರ್ಷ ಕಳೆದ ಮೇಲೆ ಯಾರಾದರೂ ಮ್ಯೂಸಿಯಮ್ಮಿಗೆ ಹೋಗಿ ನೋಡಿದರೆ, "ಓಹೋ, ಇವರು ಎಲ್ಲದಕ್ಕೂ ಲೇಪದ್ದನ್ನೇ ಕೊಡುತ್ತಿದ್ದರು" ಅಂದುಕೊಳ್ಳುತ್ತಾರೆ. ಇತಿಹಾಸ ಸುಳ್ಳಾಗೋದು ಹೀಗೂ ಉಂಟು.

ಸರಿ, ಕರಗಿದರೆ ಹೋಗೋದೇನು? ಬೆಳ್ಳಿ ಎಲ್ಲೂ ಹೋಗಲ್ಲ, ಇನ್ಯಾರದೋ ಕಾಲ್ಗೆಜ್ಜೆಯಾಗುತ್ತೆ, ಸೋಲಾರ್ ಫಲಕಕ್ಕೆ ಸೇರುತ್ತೆ. ಹೋಗೋದು ಬರಹ. ಯಾವ ಊರು, ಯಾವ ತಂಡ, ಯಾವ ದಿನ, ಎಷ್ಟನೇ ಬಹುಮಾನ, ನಾಯಕ ಯಾರು ಎಂಬ ನಾಲ್ಕು ಸಾಲು. ಎಷ್ಟೋ ಸಂಘಗಳ ನಡಾವಳಿ ಪುಸ್ತಕ ಬೆಂಕಿಗೋ ನೀರಿಗೋ ಗೆದ್ದಲಿಗೋ ಹೋಗಿವೆ. ಹಾಗಿರುವಾಗ ಲೋಹದ ಮೇಲೆ ಕೊರೆದ ಆ ನಾಲ್ಕು ಸಾಲೇ ಒಂದು ಊರಿನ ಜನ ಒಟ್ಟಾಗಿ ಏನೋ ಮಾಡಿದ್ದರು ಅನ್ನೋದಕ್ಕೆ ಉಳಿದ ಸಾಕ್ಷಿ. ನಮ್ಮ ಊರುಗಳಲ್ಲಿ ಹೊಲದ ಬದುವಿನ ವೀರಗಲ್ಲನ್ನು ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಾಗ ನಮಗೆ ಹೊಟ್ಟೆ ಉರಿಯಲ್ವಾ? ಇದೂ ಅದೇ.

ಈಗ ಎದುರು ಮಾತು. "ಈ ಸಂಘಗಳು ಅಷ್ಟೇನೂ ದೊಡ್ಡತನದವಲ್ಲ, ಬಿಳಿ ಗಂಡಸರಿಗೆ ಮಾತ್ರ ಬಾಗಿಲು ತೆರೆದಿದ್ದವು. ಅವರ ಬೆಳ್ಳಿಗೆ ನಾವೇಕೆ ಅಳಬೇಕು?" ಮಾತು ನಿಜ, ನಾನು ಅದನ್ನು ಮುಚ್ಚಿಡಲ್ಲ. ವುಡ್‌ಮೆನ್ ಸಂಘದ ಮೊದಲಿನ ನಿಯಮದಲ್ಲೇ ಬಿಳಿಯರಿಗೆ ಮಾತ್ರ ಪ್ರವೇಶ ಅಂತಿತ್ತು. ಕಪ್ಪು ಜನ ತಮ್ಮದೇ ಸಂಘ ಕಟ್ಟಿಕೊಂಡರು: ಪ್ರಿನ್ಸ್ ಹಾಲ್ ಮೇಸನ್ನರು, 1843ರಿಂದ ತಮ್ಮದೇ ಆಡ್ ಫೆಲೋಸ್, 1898ರಿಂದ ತಮ್ಮದೇ ಎಲ್ಕ್ಸ್. ಅವರಲ್ಲೂ ಸಮವಸ್ತ್ರದ ಕವಾಯತು ತಂಡಗಳಿದ್ದವು. ಅದನ್ನೂ ಬಿಳಿಯರ ಸಂಘಗಳು ಸಹಿಸಲಿಲ್ಲ. "ನಮ್ಮ ಹೆಸರು, ನಮ್ಮ ಲಾಂಛನ ಹಾಕಿಕೊಳ್ಳಬೇಡಿ" ಅಂತ ಕೋರ್ಟಿಗೆ ಎಳೆದರು. ಪಿಥಿಯಸ್ ಸಂಘದ ಮೊಕದ್ದಮೆ 1912ರಲ್ಲಿ, ಶ್ರೈನರ್ ಸಂಘದ್ದು 1929ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎರಡರಲ್ಲೂ ಗೆದ್ದವರು ಕಪ್ಪು ಜನ.

ಆದರೆ ಇದು ನನ್ನ ವಾದಕ್ಕೇ ಬಲ ಕೊಡುತ್ತೆ. ಒಂದು ಟೋಪಿ, ಒಂದು ಬಿಲ್ಲೆಗಾಗಿ ಜನ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದಾರೆ ಅಂದರೆ ಅವು ಆಟದ ಸಾಮಾನಲ್ಲ. ಯಾರು ಒಳಗೆ, ಯಾರು ಹೊರಗೆ ಅನ್ನೋದನ್ನು ಆ ಸಮವಸ್ತ್ರ, ಆ ಟ್ರೋಫಿಗಳೇ ಹೇಳುತ್ತಿದ್ದವು. ಟ್ರೋಫಿಯನ್ನು ಕರಗಿಸಿದರೆ ಆ ಹೆಮ್ಮೆಯ ಜೊತೆಗೆ ಅನ್ಯಾಯದ ಸಾಕ್ಷಿಯೂ ಕರಗುತ್ತೆ. ಬಿಳಿಯರ ಟ್ರೋಫಿಯನ್ನೂ ಕಪ್ಪು ತಂಡದ ಟ್ರೋಫಿಯನ್ನೂ ಒಂದೇ ಬೀರುವಿನಲ್ಲಿ ಪಕ್ಕಪಕ್ಕ ಇಟ್ಟು, ಕೆಳಗೆ ಇದನ್ನೆಲ್ಲ ಬರೆದಿಟ್ಟರೆ ಒಂದು ಶಾಲೆಯ ಪಾಠಕ್ಕಿಂತ ಹೆಚ್ಚು ಕಲಿಯಬಹುದು.

ಇನ್ನೊಂದು ಎದುರು ಮಾತು, "ಸಂಘ ಮುಚ್ಚುವಾಗ ಸಾಲ ತೀರಿಸಬೇಕು, ಚಾವಣಿ ಸೋರುತ್ತೆ, ದುಡ್ಡು ಬೇಕು". ಇದು ಕಷ್ಟದ ಪ್ರಶ್ನೆ. 1959ರಲ್ಲಿ ಅಮೆರಿಕದಲ್ಲಿ 41 ಲಕ್ಷ ಫ್ರೀಮೇಸನ್ನರಿದ್ದರು, 2017ರ ಹೊತ್ತಿಗೆ ಸುಮಾರು 10.7 ಲಕ್ಷ. 1935ರಲ್ಲಿ ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಬಂತು, ಕಂಪನಿಗಳು ವಿಮೆ ಕೊಡತೊಡಗಿದವು, ಸಂಜೆ ಕಳೆಯಲು ರೇಡಿಯೋ, ಸಿನಿಮಾ, ಕಾರು ಬಂದವು. ಉಳಿದ ಎಂಟು ಹತ್ತು ಮುದುಕರಿಗೆ "ಬೆಳ್ಳಿ ಮಾರಬೇಡಿ" ಅಂತ ಉಪದೇಶ ಮಾಡುವುದು ಸುಲಭ, ಚಾವಣಿಗೆ ಹೆಂಚು ಹಾಕಿಸುವವರು ಯಾರು? ಹಾಗಾಗಿ ಮಾರಲೇಬೇಡಿ ಅಂತ ನಾನು ಹೇಳಲ್ಲ. ಮಾರುವ ಮುಂಚೆ ಮೂರು ಕೆಲಸ ಮಾಡಿ ಅಂತೀನಿ. ಒಂದು, ನಾಲ್ಕೂ ಕಡೆಯಿಂದ, ತಳದಿಂದಲೂ ಫೋಟೋ ತೆಗೆದು ಬರಹವನ್ನು ಅಕ್ಷರ ಬಿಡದೆ ನಕಲು ಮಾಡಿ. ಎರಡು, ಊರಿನ ಇತಿಹಾಸ ಸಂಘಕ್ಕೋ ಲೈಬ್ರರಿಗೋ ಮೊದಲು ಕೇಳಿ. ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್‌ನಲ್ಲಿ 1975ರಿಂದ ಇಂಥದ್ದನ್ನೇ ಕೂಡಿಸುವ ಸ್ಕಾಟಿಷ್ ರೈಟ್ ಮ್ಯೂಸಿಯಂ ಇದೆ. ಮೂರು, ಟ್ರೋಫಿ, ತಂಡದ ಫೋಟೋ, ಸಮವಸ್ತ್ರ, ನಡಾವಳಿ ಪುಸ್ತಕ ಇವನ್ನು ಬೇರೆ ಬೇರೆ ಮಾಡಬೇಡಿ. ಬಿಡಿಯಾದರೆ ನಾಲ್ಕೂ ಮೂಕ, ಒಟ್ಟಿಗಿದ್ದರೆ ನಾಲ್ಕೂ ಮಾತಾಡುತ್ತವೆ.

ಕವಾಯತು ಪೂರ್ತಿ ಸತ್ತುಹೋಯ್ತಾ? ಇಲ್ಲ. ಇಲಿನಾಯ್ ರಾಜ್ಯದ ಗ್ರೀನ್‌ವಿಲ್‌ನಲ್ಲಿ 1892ರಲ್ಲಿ ಶುರುವಾದ ಡಿಮೌಲಿನ್ ಬ್ರದರ್ಸ್ ಕಂಪನಿ ಸಂಘಗಳಿಗೆ ವೇಷಭೂಷಣ, ಹೊಸ ಸದಸ್ಯರನ್ನು ಗೋಳುಹುಯ್ದುಕೊಳ್ಳುವ ಯಂತ್ರಗಳನ್ನೆಲ್ಲ ಮಾಡುತ್ತಿತ್ತು. ಸಂಘಗಳು ಸೊರಗಿದ ಮೇಲೆ ಶಾಲಾ ಬ್ಯಾಂಡುಗಳ ಸಮವಸ್ತ್ರಕ್ಕೆ ತಿರುಗಿಕೊಂಡಿತು. ಶಿಕಾಗೋದಲ್ಲಿ 1929ರಿಂದ ನಡೆಯುವ ಬಡ್ ಬಿಲಿಕೆನ್ ಮೆರವಣಿಗೆಯಲ್ಲಿ ಕಪ್ಪು ಮಕ್ಕಳ ಡ್ರಿಲ್ ತಂಡಗಳನ್ನು ನೋಡಿದರೆ ಹೆಜ್ಜೆಗೆ ವಯಸ್ಸಾಗಿಲ್ಲ ಅಂತ ಗೊತ್ತಾಗುತ್ತೆ.

ಕೊನೆಗೆ ನಮ್ಮ ಸಂಬಂಧ. ಇಲ್ಲಿರುವ ಕನ್ನಡ ಕೂಟಗಳೂ ಚಂದಾ ಎತ್ತಿ, ವಾರದ ಕೊನೆಗೆ ಸೇರಿ, ಯುಗಾದಿಗೆ ನಾಟಕ ಆಡಿ, ಕೆಲಸ ಹೋದವನಿಗೆ ಕೈಹಿಡಿದು ಬೆಳೆದಂಥವೇ. ಅವುಗಳ ಫಲಕ, ಫೋಟೋ, ಹಳೇ ಸ್ಮರಣ ಸಂಚಿಕೆ ಯಾರದೋ ಗ್ಯಾರೇಜಿನ ಡಬ್ಬದಲ್ಲಿವೆ. ಅವರು ಮನೆ ಬದಲಾಯಿಸುವ ದಿನ ಆ ಡಬ್ಬದ ಗತಿ ಏನು? ನಮ್ಮ ಫಲಕಗಳು ಬೆಳ್ಳಿಯವಲ್ಲ, ಕರಗಿಸುವವರು ಬರಲ್ಲ. ಆದರೆ ಕಸದ ಲಾರಿ ಪ್ರತಿ ವಾರ ಬರುತ್ತೆ.

ನಿಮ್ಮ ಊರಿನಲ್ಲೋ, ನಿಮ್ಮ ಕೂಟದಲ್ಲೋ ಇಂಥ ಡಬ್ಬ ಇದ್ದರೆ ಈ ಶನಿವಾರ ಒಂದು ಸಲ ತೆಗೆದು, ಬರೆದದ್ದನ್ನು ಓದಿ, ಫೋಟೋ ತೆಗೆದು ನಿಮ್ಮ ಬ್ಲಾಗಿನಲ್ಲಿ ಹಾಕಿ. ನಾನಂತೂ ಖಂಡಿತ ಬಂದು ಓದ್ತೀನಿ. ಬೈಯೋದಿದ್ದರೆ ಈಗ ಬೈಯಬಹುದು :)